ಕಮಲಕ್ಕನ ಅಂಗೈ ತುರಿಸಿದ ಬೆಳಿಗ್ಗೆ

ಕೊರೋನಾ ಗಲಾಟೆ ಮುಗಿದು ಕಾಲೇಜುಗಳು ಮತ್ತೆ ಸರಿಯಾಗಿ ಶುರುವಾಗಿದ್ದ ಸಮಯ. ಉಜಿರೆಯ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದ ನನ್ನನ್ನು ತರಬೇತಿಗೆಂದು ಬೆಳ್ತಂಗಡಿಯ ಒಂದು ಆಸ್ಪತ್ರೆಗೆ ಕಳುಹಿಸಿದ್ದರು.

ಅಲ್ಲಿನ ಮಹಿಳಾ ವಾರ್ಡಿನಲ್ಲಿ ನೆರಿಯ ಊರಿನ ಕಮಲಕ್ಕ ಇದ್ದರು. ಹುಲ್ಲು ಕೊಯ್ಯುವಾಗ ಕತ್ತಿ ತಾಗಿ ಕಾಲಿಗಾದ ಗಾಯ ಕೀವಾಗಿತ್ತು. ಡಾಕ್ಟರು ಬರೆದ ಆಂಟಿಬಯಾಟಿಕ್ಕನ್ನು ಡ್ರಿಪ್ಪಿನಲ್ಲಿ ನಾನು ಕೊಡಬೇಕಿತ್ತು. ವಾರ್ಡಿನ ಹಿರಿಯ ನರ್ಸ್ ಲವೀನಾ ಸಿಸ್ಟರ್ ಪಕ್ಕದಲ್ಲೇ ನಿಂತು, ರೋಗಿಯ ಹೆಸರು, ಮದ್ದು, ಪ್ರಮಾಣ ಎಲ್ಲವನ್ನೂ ನನ್ನಿಂದ ಬಾಯಿಬಿಟ್ಟು ಹೇಳಿಸಿದರು.

"ಮುಂಚೆ ಯಾವುದಾದ್ರೂ ಮದ್ದು ಮೈಗೆ ಆಗದೇ ಇದ್ದದ್ದು ಉಂಟಾ ಕಮಲಕ್ಕ?" ಎಂದು ಕೇಳಿದೆ.

"ಇಲ್ಲ ಮಾರಾಯ್ತಿ, ನಂಗೆ ಎಲ್ಲ ಆಗ್ತದೆ," ಎಂದು ನಕ್ಕರು.

ಡ್ರಿಪ್ ಶುರು ಮಾಡಿದೆ. "ಸ್ವಲ್ಪ ಹೊತ್ತು ಇಲ್ಲೇ ನಿಲ್ಲು," ಎಂದು ಹೇಳಿ ಸಿಸ್ಟರ್ ಆಚೆ ಮಂಚಕ್ಕೆ ಹೋದರು. ಕಮಲಕ್ಕ ತಮ್ಮ ಗಬ್ಬದ ಹಸುವಿನ ಬಗ್ಗೆ ಹೇಳುತ್ತಿದ್ದವರು ನಡುವೆ ನಿಲ್ಲಿಸಿ, "ಅಂಗೈ ತುರಿಸ್ತದೆ ಮಗಾ," ಎಂದರು. ನೋಡುನೋಡುತ್ತಿದ್ದಂತೆ ಮುಖ ಕೆಂಪಾಯಿತು, ತುಟಿ ಊದಿತು. "ಗಂಟಲು... ಕಟ್ಟಿದ ಹಾಗೆ..." ಎಂದವರ ಸ್ವರವೇ ಬೇರೆಯಾಗಿತ್ತು.

ಮದ್ದಿನಿಂದ ಅಲರ್ಜಿಯಾದರೆ ಏನು ಮಾಡಬೇಕೆಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಆಗ ಒಂದಕ್ಷರವೂ ನೆನಪಾಗಲಿಲ್ಲ. ಕೈ ಮಾತ್ರ ತಾನಾಗಿಯೇ ಹೋಗಿ ಡ್ರಿಪ್ ನಿಲ್ಲಿಸಿತು. ಕಮಲಕ್ಕನ ಉಗುರುಗಳು ನನ್ನ ಮಣಿಕಟ್ಟಿಗೆ ನೆಟ್ಟಾಗಲೇ, "ಸಿಸ್ಟರ್!" ಎಂದು ಇಡೀ ವಾರ್ಡಿಗೆ ಕೇಳುವಂತೆ ಕಿರುಚಿದೆ.

ಸಿಸ್ಟರ್ ಓಡಿಬಂದು ಒಮ್ಮೆ ನೋಡಿದರು, ಅಷ್ಟೆ. ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಚುಚ್ಚಿದರು. ಡಾಕ್ಟರು ಬಂದರು. ಬಿ.ಪಿ. ಪಾತಾಳಕ್ಕಿಳಿದಿತ್ತು. ಯಾರೋ ಆಕ್ಸಿಜನ್ ಹಾಕಿದರು, ನಾನು ಕಮಲಕ್ಕನ ಕಾಲುಗಳನ್ನು ಎತ್ತಿ ಹಿಡಿದುಕೊಂಡೆ. ಅವರ ಎದೆಯಿಂದ ಸೀಟಿಯಂಥ ಸದ್ದು ಬರುತ್ತಿತ್ತು. ನನ್ನ ಕೈಯಲ್ಲೇ ಈ ಹೆಂಗಸಿನ ಜೀವ ಹೋಗುತ್ತದೆ ಎಂದು ಗಟ್ಟಿ ಮಾಡಿಕೊಂಡಿದ್ದೆ. ಎಷ್ಟು ಹೊತ್ತಾಯಿತೋ, ಆ ಸದ್ದು ನಿಧಾನಕ್ಕೆ ತಗ್ಗಿ ಅವರು ಕಣ್ಣು ಬಿಟ್ಟರು.

ಹೊರಗೆ ಬಂದು ಗೋಡೆಗೆ ಒರಗಿ ಕುಳಿತೆ. "ನಿನ್ನದೇನೂ ತಪ್ಪಿಲ್ಲ. ಎಲ್ಲ ಸರಿ ಮಾಡಿದ್ರೂ ಕೆಲವರಿಗೆ ಹೀಗೆ ಆಗ್ತದೆ," ಎಂದರು ಸಿಸ್ಟರ್. ಆದರೂ ಹಾಸ್ಟೆಲಿಗೆ ಹೋದವಳೇ ಮಾಣಿಯ ಮನೆಯಲ್ಲಿದ್ದ ಅಮ್ಮನಿಗೆ ಫೋನ್ ಮಾಡಿ, "ನನ್ನಿಂದ ಆಗುದಿಲ್ಲ ಅಮ್ಮ, ನಾನು ಮನೆಗೆ ಬರ್ತೇನೆ," ಎಂದು ಅತ್ತೆ.

"ಬಾ. ಆದ್ರೆ ನಾಳೆ ಒಮ್ಮೆ ಅವರನ್ನು ಮಾತಾಡಿಸಿಯೇ ಬಾ," ಎಂದರು ಅಮ್ಮ.

ಮರುದಿನ ವಾರ್ಡಿನ ಬಾಗಿಲಲ್ಲೇ ನಿಂತೆ. ಒಳಗೆ ಕಮಲಕ್ಕ ಹಟ ಹಿಡಿದಿದ್ದರು. ಡಾಕ್ಟರು ಬೇರೆ ಜಾತಿಯ ಮದ್ದು ಬರೆದಿದ್ದರೂ ಯಾರಿಗೂ ಕೈ ಮುಟ್ಟಲು ಬಿಡುತ್ತಿರಲಿಲ್ಲ. ನನ್ನನ್ನು ಕಂಡದ್ದೇ, "ಅವಳೇ ಕೊಡ್ಲಿ. ಏನಾದ್ರೂ ಆದ್ರೆ ಅವಳು ಕೂಗ್ತಾಳೆ," ಎಂದು ಕೈ ಚಾಚಿದರು. ಒಳಗೆ ಹೋಗಿ, ಮದ್ದಿನ ಹೆಸರು, ಪ್ರಮಾಣ ಎಲ್ಲ ಬಾಯಿಬಿಟ್ಟು ಹೇಳಿ ಡ್ರಿಪ್ ಶುರು ಮಾಡಿದೆ.

ಈಗ ಮೂಡುಬಿದಿರೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಹೊಸ ಮದ್ದು ಯಾರ ಮೈಗೆ ಇಳಿಯತೊಡಗಿದರೂ ನನ್ನ ಬಾಯಿ ಒಣಗುತ್ತದೆ, ಅವರ ಮುಖದಿಂದ ಕಣ್ಣು ಕೀಳಲಾಗುವುದಿಲ್ಲ. ಈ ಹೆದರಿಕೆ ಹೋದರೆ ಸಾಕು ಎಂದು ಮೊದಮೊದಲು ಅನಿಸುತ್ತಿತ್ತು. ಈಗ ಹಾಗೆ ಅನಿಸುವುದಿಲ್ಲ.