ಅತ್ತಿಗೆಯ ಹಾಡಿನ ಬಗ್ಗೆ ನಾನು ಹೇಳಿದ ಸುಳ್ಳು

ಆದೋನಿಯ ನಮ್ಮ ಮನೆಗೆ ಹಾಡು ರೆಕಾರ್ಡ್ ಮಾಡಲು ಫ್ರಾನ್ಸಿನ ಸಂಗೀತಗಾರನೊಬ್ಬ ಬಂದಿದ್ದ. ಚಿಕ್ಕಂದಿನಿಂದ ಸಂಗೀತ ಕಲಿತ ನನ್ನನ್ನು ಬಿಟ್ಟು, ಹತ್ತಿ ಬಿಡಿಸುತ್ತಾ ಹಾಡುವ ಅತ್ತಿಗೆಯನ್ನು ಆರಿಸಿಕೊಂಡ. ನನಗೆ ಸಿಕ್ಕಿದ್ದು ಅವಳ ಮಾತನ್ನು ಇಂಗ್ಲಿಷಿನಲ್ಲಿ ಹೇಳುವ ಕೆಲಸ. ಹೊಟ್ಟೆ ಉರಿಯಿತು.

ಹಾಡು ಯಾರದೆಂದು ಅವನು ಕೇಳಿದ.

“ನಮ್ಮವ್ವ ಕಟ್ಟಿದ್ದು. ಆಕಿ ಹೆಸರು ಹಾಕು ಅಂತ ಹೇಳವ್ವ,” ಎಂದಳು ಅತ್ತಿಗೆ.

“ಹಳೇ ಜನಪದ ಹಾಡು, ಕಟ್ಟಿದವರು ಗೊತ್ತಿಲ್ಲವಂತೆ,” ಎಂದು ನಾನು ಅವನಿಗೆ ಹೇಳಿದೆ.

ಹಾಡು ಯೂಟ್ಯೂಬಿನಲ್ಲಿ ಬಂದಾಗ ಅತ್ತಿಗೆ ಕೇಳಿದಳು, “ಅವ್ವನ ಹೆಸರು ಎಲ್ಲೈತಿ?”

ಮತ್ತೊಂದು ಸುಳ್ಳು ಬಾಯಿಗೆ ಬರಲಿಲ್ಲ, ಒಪ್ಪಿಕೊಂಡೆ. ಅವಳು ಬೈಯಲಿಲ್ಲ. “ಈಗ ಖರೇ ಬರಿ,” ಎಂದು ಪಕ್ಕದಲ್ಲೇ ಕುಳಿತಳು. ಆ ಸಂಗೀತಗಾರನಿಗೆ ಬರೆದು ಕಳಿಸಿದೆ. ವಾರದೊಳಗೆ ಅವನು ಹೆಸರು ಸೇರಿಸಿದ. ನನ್ನ ಮತ್ಸರ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.