ಹೊಟ್ಟೆಯಲ್ಲಿ ನಿಂತ ಮೇಲೆ ಗೆರೆ

ನನ್ನ ಎಣಿಕೆ ತಪ್ಪಿದ್ದು ಒಂದೇ ಸಲ. ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಅಂಗಳದಲ್ಲಿ ಇಷ್ಟು ವರ್ಷ ಫರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಎಣಿಸಿದವನು ನಾನು. ಹಮಾಲರು ಒಂದೊಂದೇ ಫರಸಿ ಎತ್ತಿ ಲಾರಿಯಲ್ಲಿ ಜೋಡಿಸುತ್ತಾರೆ. ನಾನು ಪಕ್ಕದಲ್ಲಿ ನಿಂತು ಒಂದು ಒಡಕು ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತೇನೆ. ನಾಲ್ಕು ನಿಂತ ಗೆರೆ, ಐದನೆಯದು ಅವುಗಳ ಮೇಲೆ ಅಡ್ಡ. ಅಲ್ಲಿ ಇರುವುದು ಒಂದೇ ಕಾನೂನು: ಫರಸಿ ಲಾರಿಯೊಳಗೆ ಹೋದರೆ ಗೆರೆ ಬಿತ್ತು. ಆಮೇಲೆ ಅದು ಸೇಡಂ ದಾರಿಯ ಗುಂಡಿಯಲ್ಲಿ ಒಡೆಯಲಿ, ಚಿತ್ತಾಪುರದಲ್ಲಿ ಇಳಿಸುವಾಗ ಸೀಳಲಿ, ನನ್ನ ಎಣಿಕೆಗೆ ಸಂಬಂಧವಿಲ್ಲ. ಡ್ರೈವರುಗಳು ಜಗಳಕ್ಕೆ ಬಂದರೆ ಗೆರೆಗಳ ಕಡೆ ಬೆರಳು ತೋರಿಸಿ ಮೀಸೆ ತಿರುವುತ್ತಿದ್ದೆ. ನನ್ನ ಸೊಕ್ಕು ಓಣಿಗೆಲ್ಲ ಗೊತ್ತಿತ್ತು.

ಆ ಸೊಕ್ಕು ಮುರಿದವಳು ನನ್ನ ಮಗಳು. ಅದೂ ಏಳು ವರ್ಷದವಳಿದ್ದಾಗ, ಮಾತಾಡಲು ಉಸಿರೇ ಸಾಲದ ಹೊತ್ತಿನಲ್ಲಿ. ಇದನ್ನು ಬರೆಯುವಾಗ ನನಗೆ ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಾಗುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅವಳಿಗೆ ನಾಲ್ಕನೆಯ ವರ್ಷದಿಂದಲೇ ದಮ್ಮು. ಅಸ್ತಮಾಕ್ಕೆ ನಮ್ಮ ಕಡೆ ಹಾಗೇ ಅನ್ನುವುದು. ಧೂಳು, ಥಂಡಿ, ಒಲೆಯ ಹೊಗೆ, ಯಾವುದಾದರೂ ಒಂದು ನೆಪ ಸಾಕು ಅದಕ್ಕೆ. ನಾನು ಅಂಗಳದಿಂದ ಬಂದರೆ ಹಿತ್ತಲಲ್ಲೇ ಬಟ್ಟೆ ಬಿಚ್ಚಿ, ತಲೆಗೆ ನೀರು ಹಾಕಿಕೊಂಡ ಮೇಲೆಯೇ ಒಳಗೆ ಕಾಲಿಡಬೇಕೆಂದು ಹೆಂಡತಿ ಕಾಯ್ದೆ ಮಾಡಿದ್ದಳು. ಆ ಕಾಯ್ದೆಗೆ ಮಾತ್ರ ನಾನು ಎದುರಾಡಿದವನಲ್ಲ.

ಆ ವರ್ಷ ಸೀತನಿಯ ದಿನಗಳಲ್ಲಿ ಹೆಂಡತಿಯ ತವರಿಗೆ, ಚಿಂಚೋಳಿಯ ಕಡೆ ಹೋಗಿದ್ದೆವು. ಹೊಲದಲ್ಲಿ ಕುಳ್ಳಿನ ಬೆಂಕಿ ಮಾಡಿ ಎಳೆ ಜೋಳದ ತೆನೆ ಸುಟ್ಟರು. ಮಗಳು ಹೊಗೆಯ ಪಕ್ಕದಲ್ಲೇ ಕೂತು ಎರಡೂ ಕೈಯಿಂದ ತಿಂದಳು. ಮಾರನೆಯ ದಿನ ಊರಿಗೆ ಬರುವಷ್ಟರಲ್ಲಿ ಎದೆ ಸೀಟಿ ಹೊಡೆಯತೊಡಗಿತ್ತು. ಬಾಯಿಗೆ ಹಿಡಿದು ಎಳೆದುಕೊಳ್ಳುವ ಔಷಧದ ಪಂಪಿನಿಂದಲೂ ತಡೆಯಲಿಲ್ಲ. ಆಸ್ಪತ್ರೆಗೆ ಒಯ್ದೆವು.

ಅಲ್ಲಿನ ಡಾಕ್ಟರಮ್ಮ ಮುಖಕ್ಕೆ ಮಾಸ್ಕ್ ಕಟ್ಟಿ ಔಷಧದ ಆವಿ ಕೊಟ್ಟರು. ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ ಪ್ರೆಡ್ನಿಸೊಲೋನ್ ಎಂಬ ಸಿರಪ್ ಬರೆದುಕೊಟ್ಟು, ದಿನಕ್ಕೊಮ್ಮೆ, ಐದು ದಿನ ಕುಡಿಸಿ ಎಂದರು. ಅದು ಸ್ಟೆರಾಯ್ಡ್ ಎಂದು ತಿಳಿದದ್ದೇ ತಡ, ನಾನು ಸಿಡಿದೆ.

"ಸ್ಟೆರಾಯ್ಡಾ? ಪೈಲ್ವಾನರು ಚುಚ್ಚಿಸ್ಕೋತಾರಲ್ರಿ, ಅದಾ? ನಮ್ಮ ಕೂಸಿಗಿ ಯಾಕ್ರಿ?"

"ಅದು ಬ್ಯಾರೆ, ಇದು ಬ್ಯಾರೆ," ಅಂದರು ಡಾಕ್ಟರಮ್ಮ, ನನ್ನ ದನಿಗೆ ಒಂದಿಷ್ಟೂ ಬೆದರದೆ. "ಉಸಿರಿನ ದಾರಿ ಒಳಗ ಬಾತಾದ. ಪಂಪು ದಾರಿ ತೆರೀತದ, ಇದು ಬಾವು ಇಳಸ್ತದ. ಐದ್ ದಿನಕ್ಕ ಏನೂ ಅಂಜಬ್ಯಾಡ್ರಿ. ಆದ್ರ ನಡುವ ಬಿಡಬ್ಯಾಡ್ರಿ."

ನಡುವೆ ಬಿಡುವವನೇ ನಾನು? ಮನೆಗೆ ಬಂದವನೇ ಬಾಗಿಲ ಮುಂದಿನ ಫರಸಿಯ ಮೂಲೆಯಲ್ಲಿ ಜಾಗ ಮಾಡಿಕೊಂಡೆ. ದಿನಕ್ಕೊಂದು ಗೆರೆ, ಐದನೆಯದು ಅಡ್ಡ. ಕೆಲಸ ಮುಗಿಯಿತು.

ಸಿರಪ್ ಮಾತ್ರ ಬೇವಿಗಿಂತ ಕಹಿ. ಹೆಂಡತಿ ಸಕ್ಕರೆ ಬೆರೆಸಿದಳು, ಬೆಲ್ಲದ ಹರಳು ತೋರಿಸಿದಳು, ಮುದ್ದು ಮಾಡಿದಳು. ಮಗಳು ಕಣ್ಣು ಮುಚ್ಚಿ ನುಂಗುವಳು, ಎರಡು ನಿಮಿಷ ತಾಳುವಳು, ಆಮೇಲೆ ಎಲ್ಲವನ್ನೂ ತಾಯಿಯ ಸೆರಗಿಗೆ ಕಾರಿಕೊಳ್ಳುವಳು. ಅಷ್ಟರಲ್ಲಿ ನಾನು ಹೊರಗೆ ಹೋಗಿ ಗೆರೆ ಎಳೆದಾಗಿರುತ್ತಿತ್ತು.

"ಹೊರಗ ಬಂತಲ್ರಿ," ಅಂದಳು ಹೆಂಡತಿ ಮೊದಲನೆಯ ದಿನವೇ. "ಡಾಕ್ಟರಿಗೊಂದು ಮಾತು ಕೇಳೂಣೇನ್ರಿ?"

"ಒಳಗ ಹೋಗಿತ್ತಲ್ಲ? ಎಲ್ಲಾ ಬಂದಿರಂಗಿಲ್ಲ ತಗೋ," ಅಂದೆ.

ಎರಡನೆಯ ದಿನವೂ ಅದೇ, ಮೂರನೆಯ ದಿನವೂ ಅದೇ. ಫರಸಿಯ ಮೇಲೆ ಮೂರು ಗೆರೆ ನೆಟ್ಟಗೆ ನಿಂತಿದ್ದವು. ನೋಡಿದಾಗೆಲ್ಲ ನನಗೆ ಸಮಾಧಾನವಾಗುತ್ತಿತ್ತು. ಎಂಥ ದಡ್ಡತನ!

ನಾಲ್ಕನೆಯ ದಿನ ಮಧ್ಯಾಹ್ನ ಮನೆಯಿಂದ ಅಂಗಳಕ್ಕೆ ಕರೆ ಬಂತು. ಓಡಿದೆ. ಮಗಳು ಗೋಡೆಗೆ ಒರಗದೆ, ಎರಡೂ ಕೈ ಮೊಣಕಾಲಿಗೆ ಊರಿ ಮುಂದಕ್ಕೆ ಬಾಗಿ ಕೂತಿದ್ದಳು. ಉಸಿರೆಳೆದಾಗೊಮ್ಮೆ ಗಂಟಲ ಕೆಳಗಿನ ಕುಳಿ ಒಳಕ್ಕೆ ಹೋಗುತ್ತಿತ್ತು. ಅವಳನ್ನು ಎತ್ತಿಕೊಂಡು ಆಟೋ ಹತ್ತಿದಾಗ ನನ್ನ ಕೈಯ ಧೂಳನ್ನೂ ತೊಳೆದಿರಲಿಲ್ಲ. ಈ ಕೂಸು ಕೈಬಿಟ್ಟು ಹೋಗುತ್ತದೆ ಎಂದೇ ಅನಿಸಿತ್ತು ನನಗೆ.

ಮತ್ತೆ ಮಾಸ್ಕ್ ಹಾಕಿದರು. ಡಾಕ್ಟರಮ್ಮ ಎದೆಗೆ ಯಂತ್ರ ಹಚ್ಚಿ ಕೇಳುತ್ತಲೇ ಹುಬ್ಬು ಗಂಟಿಕ್ಕಿದರು.

"ಸಿರಪ್ ದಿನಾ ಕೊಟ್ಟೀರೇನು?"

ಅಂಥ ಹೊತ್ತಿನಲ್ಲೂ ನನ್ನ ಎದೆ ಉಬ್ಬಿತು. "ಒಂದ್ ದಿನಾನೂ ತಪ್ಪಿಲ್ರಿ ಮೇಡಂ. ಬೇಕಾದ್ರ ಮನಿಗಿ ಬಂದು ಗೆರಿ ನೋಡ್ರಿ."

ಆಗ ಮಗಳು ಮಾಸ್ಕನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. ಒಂದೊಂದು ಮಾತಿಗೂ ಒಂದೊಂದು ಉಸಿರು ಎಳೆದುಕೊಳ್ಳುತ್ತ ಹೇಳಿದಳು.

"ಗೆರಿ... ಖರೇ ಅವ... ಮೇಡಂ. ಔಷಧ... ಹೊಟ್ಟ್ಯಾಗ... ಇಲ್ಲ."

ನಾನು ಮೊದಲು ಅವಳನ್ನು ದುರುಗುಟ್ಟಿ ನೋಡಿದೆ. ಹೌದು, ನೋಡಿದೆ, ಸುಳ್ಳು ಬರೆಯುವುದಿಲ್ಲ. ಡಾಕ್ಟರರ ಎದುರು ಅಪ್ಪನ ಮಾನ ಕಳೆದಳಲ್ಲ ಎಂಬ ಸಿಟ್ಟು. ಆಮೇಲೆ ಅವಳ ಪಕ್ಕೆಲುಬುಗಳು ಕಂಡವು. ಒಂದೊಂದನ್ನೂ ಎಣಿಸಬಹುದಿತ್ತು.

"ಆಕಿ ಲಾರಿ ಅಲ್ರಿ," ಅಂದಳು ಹೆಂಡತಿ. ಅಷ್ಟೇ ಅಂದಳು.

ಡಾಕ್ಟರಮ್ಮ ಬಯ್ಯಲಿಲ್ಲ. ಸಿಸ್ಟರಿಗೆ ಹೇಳಿ ಬೇರೆ ಗುಳಿಗೆ ತರಿಸಿ, ಪುಡಿ ಮಾಡಿಸಿ, ಒಂದು ಚಮಚ ಸಕ್ಕರೆ ನೀರಲ್ಲಿ ಕಲಸಿದರು. ಡೆಕ್ಸಾಮೆಥಾಸೋನ್ ಎಂದರು. ಅದೂ ಸ್ಟೆರಾಯ್ಡೇ, ಆದರೆ ಅದರ ಬಲ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದಂತೆ. ಐದು ದಿನದ ಬದಲು ಎರಡೇ ದಿನ ಸಾಕಂತೆ, ಕಾರಿಕೊಳ್ಳುವ ಮಕ್ಕಳೂ ಕಡಿಮೆಯಂತೆ.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಹಂಗಿದ್ರ ಇದನ್ನೇ ಮೊದಲ ಯಾಕ ಕೊಡ್ಲಿಲ್ರಿ?"

"ಎರಡೂ ಚಲೋ ಔಷಧನೇ ಅವ. ಭಾಳ ಮಕ್ಕಳು ಆ ಸಿರಪ್ ಕುಡದೇ ಆರಾಮ ಆಗ್ಯಾರ. ಇದು ಹೆಚ್ಚು, ಅದು ಕಡಿಮಿ ಅಂತ ಹೇಳಂಗಿಲ್ಲ ನಾ. ಹೊಟ್ಟ್ಯಾಗ ಯಾವುದು ನಿಲ್ತದೋ ಅದು ಕೆಲಸ ಮಾಡ್ತದ. ನಿಲ್ಲಲಿಲ್ಲ ಅಂತ ನೀವು ಬಂದು ಹೇಳಿದ್ರ ಮೊದಲನೇ ದಿನಾನೇ ಬದಲಿ ಮಾಡ್ತಿದ್ದೆ." ಆಮೇಲೆ ಗೋಡೆಯ ಗಡಿಯಾರ ತೋರಿಸಿದರು. "ಈಗ ಕುಂದರ್ರಿ. ಅರ್ಧಾ ತಾಸಿನೊಳಗ ಕಾರಿಕೊಂಡ್ರ ನನಗ ಹೇಳ್ರಿ, ಮತ್ತ ಕೊಡಬೇಕಾಗ್ತದ."

ಆ ಅರ್ಧ ತಾಸು ನಾನು ಗಡಿಯಾರದ ಮುಳ್ಳನ್ನೇ ನೋಡುತ್ತ ಕೂತೆ. ಮಗಳು ಒಮ್ಮೆ ತೇಗಿದಾಗ ಹೆಂಡತಿ ನನ್ನ ಕೈ ಹಿಡಿದಳು. ಎಷ್ಟೋ ವರ್ಷದ ಮೇಲೆ ನಾಲ್ಕು ಜನರೆದುರು ಹಿಡಿದದ್ದು. ಔಷಧ ನಿಂತಿತು. ಮತ್ತೆ ಮತ್ತೆ ಆವಿ ಕೊಟ್ಟರು. ಸಂಜೆಯಾಗುವಷ್ಟರಲ್ಲಿ ಮಗಳು ಬೆನ್ನು ಹಿಂದಕ್ಕೆ ಒರಗಿಸಿ ಕೂತು ಬಿಸ್ಕೀಟು ಕೇಳಿದಳು. ಆ ರಾತ್ರಿ ಅಲ್ಲೇ ಇಟ್ಟುಕೊಂಡು ಬೆಳಿಗ್ಗೆ ಕಳಿಸಿದರು.

ಮನೆಯಲ್ಲಿ ಎರಡನೆಯ ದಿನದ ಔಷಧ ಕೊಟ್ಟಾಗ ಅಭ್ಯಾಸಬಲದಿಂದ ನನ್ನ ಕೈ ಜೇಬಿಗೆ ಹೋಯಿತು. ಮಗಳು ಅಂಗೈ ಚಾಚಿದಳು.

"ಯಪ್ಪಾ, ಖಡು ಇಲ್ಲಿ ಕೊಡು. ಗೆರಿ ನಾ ಹೊಡಿತೀನಿ."

ಸೀಮೆಸುಣ್ಣ ಕೊಟ್ಟೆ. ಇಷ್ಟು ವರ್ಷದಲ್ಲಿ ಬೇರೆ ಯಾರ ಕೈಗೂ ಕೊಟ್ಟವನಲ್ಲ. ಅವಳು ನನ್ನ ಮೂರು ಗೆರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಆಸ್ಪತ್ರೆಯದಕ್ಕೆ ಒಂದು ಗೆರೆ ಎಳೆದಳು. ಆಮೇಲೆ ಅರ್ಧ ತಾಸು ಹೊಸ್ತಿಲ ಮೇಲೆ ಕೂತು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಾದು, ಎರಡನೆಯದನ್ನು ಎಳೆದಳು. ಐದಕ್ಕೆ ಅಡ್ಡಗೆರೆ ಎಳೆದು ರೂಢಿಯಾದ ನನ್ನ ಕಣ್ಣಿಗೆ ಆ ಎರಡು ಗೆರೆ ಅರ್ಧಕ್ಕೆ ಬಿಟ್ಟ ಕೆಲಸದಂತೆ ಕಂಡವು. ಆದರೆ ಒಳಗೆ ಬಂದು ಅವಳು ಉಸಿರಾಡುವುದನ್ನು ಕಿವಿಗೊಟ್ಟು ಕೇಳಿದೆ. ಸೀಟಿ ಇರಲಿಲ್ಲ.

ಈಗ ಅವಳು ಒಂಬತ್ತನೆಯ ತರಗತಿ. ದಿನವೂ ತಾನೇ ಪಂಪು ತೆಗೆದುಕೊಳ್ಳುತ್ತಾಳೆ. ದಮ್ಮು ಹತ್ತುವುದು ಬಹಳ ಅಪರೂಪ. ಹೋದ ತಿಂಗಳು ತಪಾಸಣೆಗೆಂದು ಅದೇ ಆಸ್ಪತ್ರೆಗೆ ಕರೆದೊಯ್ದಿದ್ದೆ. ಪಕ್ಕದ ಬೆಂಚಿನಲ್ಲಿ ವಾಡಿಯಿಂದ ಬಂದ ಒಬ್ಬ ತಾಯಿ, ತೊಡೆಯ ಮೇಲೆ ನಾಲ್ಕು ವರ್ಷದ ಮಗಳು. ಆ ಕೂಸಿನ ಎದೆಯ ಸೀಟಿ ನಾವು ಕೂತಲ್ಲಿಗೆ ಕೇಳುತ್ತಿತ್ತು. ಸಿಸ್ಟರ್ ಸಿರಪ್ಪಿನ ಬಗ್ಗೆ ಕೇಳಿದಾಗ ಆ ತಾಯಿ, "ಎಲ್ಲಾ ಬರೋಬ್ಬರಿ ಕುಡಸೀನ್ರಿ," ಅಂದಳು. ನನ್ನದೇ ದನಿ ಕೇಳಿದ ಹಾಗಾಯಿತು.

ನನ್ನ ಮಗಳು ಎದ್ದು ಹೋಗಿ ಅವಳ ಪಕ್ಕ ಕೂತಳು. ತಗ್ಗಿದ ದನಿಯಲ್ಲಿ ಕೇಳಿದಳು: "ಅಕ್ಕಾ, ಕುಡಿಸಿದ ಮ್ಯಾಲ ಔಷಧ ಹೊಟ್ಟ್ಯಾಗ ನಿಲ್ತದೇನ್ರಿ?"

ಆ ಹೆಣ್ಣುಮಗಳು ಕೂಸಿನ ಬೆನ್ನು ಸವರಿದಳು. ಆಮೇಲೆ ಕಣ್ಣೀರು ತಂದುಕೊಂಡು, "ಇಲ್ಲವ್ವಾ. ಕಾರೇ ಕಾರ್ತಾಳ. ಹೇಳಿದ್ರ ಬೈತಾರಂತ ಹೇಳಲಿಲ್ಲ," ಅಂದಳು.

"ಬಯ್ಯಂಗಿಲ್ಲ ಬರ್ರಿ," ಎಂದು ಮಗಳೇ ಅವಳನ್ನು ಎಬ್ಬಿಸಿಕೊಂಡು ಡಾಕ್ಟರಮ್ಮನ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಆ ಕೂಸಿನ ಬಾಯಿಗೆ ಒಂದು ಚಮಚ ಸಕ್ಕರೆ ನೀರು ಹೋಯಿತು. ಅದರಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ನಮ್ಮ ಸರದಿ ಬಂದು ಹೋದರೂ ಮಗಳು ಅಲ್ಲಿಂದ ಏಳಲಿಲ್ಲ. ಗಡಿಯಾರ ನೋಡುತ್ತ ಆ ತಾಯಿಯ ಜೊತೆಗೇ ಕೂತಳು.

ಅರ್ಧ ತಾಸು ತುಂಬಿತು. ಕೂಸು ಕಾರಿಕೊಳ್ಳಲಿಲ್ಲ. ಆಗ ಮಗಳು ಆ ಕಡೆಯ ಬೆಂಚಿನಿಂದ ನನ್ನತ್ತ ತಿರುಗಿ, ಬೆರಳಿನಿಂದ ಗಾಳಿಯಲ್ಲೇ ಒಂದು ನಿಂತ ಗೆರೆ ಎಳೆದಳು. ನನಗೆ ಕಣ್ಣು ತುಂಬಿ ಬಂತು, ತಲೆ ಮಾತ್ರ ಆಡಿಸಿದೆ.