ಹನ್ನೊಂದು ಡಬ್ಬಿ ನೋಟ

ಲ್ಯಾಟಿನ್ ಮೇಷ್ಟ್ರು ನಿಘಂಟಿಗೆ ಕೂತರೆಂದರೆ, ಮನೆಗೆ ಬೆಂಕಿ ಬಿದ್ದರೂ ಕೈಲಿರುವ ಚೀಟಿ ಮುಗಿಸಿಯೇ ಏಳುವ ಆಸಾಮಿ. 'ವಿದೇರೆ', ಅಂದರೆ ನೋಡುವುದು, ಈ ಒಂದು ಕ್ರಿಯಾಪದಕ್ಕೇ ಅವರಲ್ಲಿ ಹನ್ನೊಂದು ಡಬ್ಬಿ ಚೀಟಿಗಳಿವೆ. ಕಣ್ಣಿಗೆ ಕಾಣುವುದು, ಮನಸ್ಸಿಗೆ ಹೊಳೆಯುವುದು, ಹೋಗಿ ಭೇಟಿಯಾಗುವುದು, ಜೋಪಾನ ಮಾಡುವುದು, ಹೀಗೆ ಪ್ರತಿ ಅರ್ಥಕ್ಕೂ ಉದಾಹರಣೆ ಬೇಕೇಬೇಕು. ಅದಕ್ಕೇ ದಿನಾ ಬೆಳಿಗ್ಗೆ ಕಿಟಕಿಗೆ ಕುರ್ಚಿ ಎಳೆದುಕೊಂಡು ಚೀಟಿಗೊಂದು ವಾಕ್ಯ ಲ್ಯಾಟಿನ್ನಿನಲ್ಲಿ ಬರೆದು, ಹೆಂಡತಿಗೆ ಅರ್ಥ ಹೇಳುತ್ತಾರೆ: "ದರ್ಜಿ ಹೊಸ ಕನ್ನಡಕ ಹಾಕ್ಕೊಂಡಿರೋದನ್ನ ನೋಡ್ತಿದೀನಿ. ಎದುರುಮನೆಯಾಕೆ ಹಳದಿ ಪರದೆ ಒಣಹಾಕೋದನ್ನ ನೋಡ್ತಿದೀನಿ." "ಯಾವ ಹಳದಿ? ನಿಂಬೆಹಣ್ಣಿಂದಾ, ಒಣಗಿದ ಎಲೆದಾ?" ಎಂದು ಆಕೆ ಕೇಳಿದರೆ, ಎದ್ದು ಕತ್ತು ಚಾಚಿ ನೋಡಿ ತಿದ್ದಿಕೊಳ್ಳುತ್ತಾರೆ. ಮೊನ್ನೆ ಅಚ್ಚುಕೂಟದವನು ಬಂದವನೇ, "ಸಾರ್, ನಿಘಂಟು ಅಚ್ಚಾಗಿ ಮೂರು ವರ್ಷ ಆಯ್ತಲ್ಲ, ಇನ್ನೂ ಅದೇ ಪದ ಬರೀತಿದೀರಾ?" ಎಂದುಬಿಟ್ಟ. ಮೇಷ್ಟ್ರ ಮುಖ ಸಣ್ಣದಾಯಿತು. ನಾಲ್ಕು ವರ್ಷದ ಹಿಂದೆ ಎರಡೂ ಕಣ್ಣು ಹೋದಾಗ "ನಂಗೆ ಯಾರ ಮರುಕಾನೂ ಬೇಡ" ಎಂದಿದ್ದ ಹೆಂಡತಿ, ಅವನ ದನಿ ಬಂದ ಕಡೆ ತಿರುಗಿದರು. "ನಂಗೊತ್ತು ಕಣಪ್ಪಾ. ಪುಸ್ತಕ ಬಂದ ದಿನವೇ ತಡವಿ ನೋಡಿದೀನಿ," ಎಂದು, ಗಂಡನಿಗೆ ಮೆಲ್ಲಗೆ ಹೇಳಿದರು: "ರೀ, ಆ ಪರದೆ ಒಣಗ್ತಾ? ನೋಡಿ ಬರ್ಕೊಳ್ಳಿ."